ಲೋಹದ 3ಡಿ ಪ್ರಿಂಟ್ ಮಾಡಿಸಿ ವಿಎಂಸಿಯಲ್ಲಿ ಮುಗಿಸುವುದು ಹೇಗೆ: ಸಣ್ಣ ಮಷಿನ್ ಶಾಪ್‌ಗಳಿಗೆ ಸಮಗ್ರ ಮಾರ್ಗದರ್ಶಿ

2024ರ ಮೇ 9ರಂದು ಇಸ್ರೋ ಪಿಎಸ್4 ಎಂಜಿನ್‌ನ ಹೊಸ ರೂಪವೊಂದನ್ನು 665 ಸೆಕೆಂಡ್ ಉರಿಸಿ ಪರೀಕ್ಷಿಸಿತು. ಪಿಎಸ್‌ಎಲ್‌ವಿ ರಾಕೆಟ್‌ನ ನಾಲ್ಕನೇ ಹಂತದಲ್ಲಿ ಕೂರುವ ಎಂಜಿನ್ ಇದು. ಮೊದಲು 14 ಭಾಗಗಳನ್ನು ವೆಲ್ಡ್ ಮಾಡಿ ಜೋಡಿಸುತ್ತಿದ್ದರು, ಈಗ ಒಂದೇ ತುಂಡು. 19 ವೆಲ್ಡ್ ಜಾಯಿಂಟ್‌ಗಳು ಹೋದವು. ಒಂದು ಎಂಜಿನ್‌ಗೆ 565 ಕೆಜಿ ಫೋರ್ಜಿಂಗ್ ಮತ್ತು ಶೀಟ್ ಬೇಕಿದ್ದ ಕಡೆ 13.7 ಕೆಜಿ ಲೋಹದ ಪೌಡರ್ ಸಾಕಾಯಿತು. ಅದನ್ನು ಪ್ರಿಂಟ್ ಮಾಡಿದ್ದು ಬೆಂಗಳೂರಿನ ವಿಪ್ರೋ 3ಡಿ.

ಇಂಥ ಸುದ್ದಿ ಓದಿದಾಗ ಮಷಿನಿಂಗ್‌ನ ಕಾಲ ಮುಗಿಯಿತೇನೋ ಅಂತ ಅನ್ನಿಸುತ್ತದೆ, ಅಲ್ವಾ? ಪೀಣ್ಯದಲ್ಲೋ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೋ, ಬೆಳಗಾವಿಯ ಉದ್ಯಮಬಾಗ್‌ನಲ್ಲೋ ಎರಡು ವಿಎಂಸಿ (ಕಂಪ್ಯೂಟರ್ ಹೇಳಿದಂತೆ ಕತ್ತರಿಸುವ ಮಿಲ್ಲಿಂಗ್ ಮಷಿನ್) ಇಟ್ಟುಕೊಂಡು ಜಾಬ್‌ವರ್ಕ್ ಮಾಡುವವರು ಗಾಬರಿಯಾಗಬೇಕಿಲ್ಲ. ಪ್ರಿಂಟರ್‌ನಿಂದ ಹೊರಬರುವ ಲೋಹದ ತುಂಡು ಒಂದು ಒಳ್ಳೆಯ ಕಾಸ್ಟಿಂಗ್ ಇದ್ದ ಹಾಗೆ. ಅದರ ಥ್ರೆಡ್, ಸೀಲ್ ಕೂರುವ ಮುಖ, ಬೇರಿಂಗ್ ಕೂರುವ ರಂಧ್ರ ಎಲ್ಲವೂ ಮಷಿನ್ ಮೇಲೇ ಆಗಬೇಕು. ಆದ್ದರಿಂದ ಈ ಮಾರ್ಗದರ್ಶಿಯ ಬುಡದಲ್ಲಿರುವ ಮಾತು ಒಂದೇ: ಜಾಬನ್ನು ಹೇಗೆ ಹಿಡಿಯುತ್ತೀರಿ, ಎಲ್ಲಿಂದ ಅಳೆಯುತ್ತೀರಿ, ಎಲ್ಲಿ ಕತ್ತರಿಸುತ್ತೀರಿ ಅಂತ ಮೊದಲು ತೀರ್ಮಾನಿಸಿ. ಆಮೇಲೆ ಪ್ರಿಂಟ್ ಮಾಡಿಸಿ.

ಉದಾಹರಣೆಗೆ ಒಂದು ಹೈಡ್ರಾಲಿಕ್ ಮ್ಯಾನಿಫೋಲ್ಡ್ (ಒತ್ತಡದ ಎಣ್ಣೆಯನ್ನು ಬೇರೆ ಬೇರೆ ಕಡೆಗೆ ಹಂಚುವ ಬ್ಲಾಕ್) ತೆಗೆದುಕೊಳ್ಳೋಣ. ಹೊರ ಅಳತೆ 90 × 70 × 50 ಮಿಮೀ. ನಾಲ್ಕು ಪೋರ್ಟ್, ಒಂದು ಕಾರ್ಟ್ರಿಡ್ಜ್ ವಾಲ್ವ್ ಕೂರುವ ಕ್ಯಾವಿಟಿ, ಕೆಲಸದ ಒತ್ತಡ 210 ಬಾರ್. ಹಂತ ಹಂತವಾಗಿ ಇದನ್ನೇ ಮುಗಿಸೋಣ.

ಹಂತ 1: ಇದನ್ನು ಪ್ರಿಂಟ್ ಮಾಡಲೇಬೇಕಾ?

ಸಾಮಾನ್ಯ ರೀತಿಯಲ್ಲಿ ಈ ಮ್ಯಾನಿಫೋಲ್ಡ್ ಅಂದರೆ ಒಂದು ಗಟ್ಟಿ ಬ್ಲಾಕ್. ನಾಲ್ಕೂ ಕಡೆಯಿಂದ ಉದ್ದ ಡ್ರಿಲ್ ಹೊಡೆದು, ಒಳಗೆ ಒಂದಕ್ಕೊಂದು ಕೂಡಿಸಿ, ಬೇಡದ ಬಾಯಿಗಳಿಗೆ ಪ್ಲಗ್ ಹಾಕುತ್ತೇವೆ. ಎಣ್ಣೆ 90 ಡಿಗ್ರಿ ಮೂಲೆಗಳಲ್ಲಿ ತಿರುಗಿ ಒತ್ತಡ ಕಳೆದುಕೊಳ್ಳುತ್ತದೆ. ಪ್ಲಗ್ ಇದ್ದಲ್ಲೆಲ್ಲ ಸೋರುವ ಸಾಧ್ಯತೆ. ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಆ ಬ್ಲಾಕ್ ಸುಮಾರು 2.5 ಕೆಜಿ ತೂಗುತ್ತದೆ.

ಪ್ರಿಂಟ್ ಮಾಡಿದರೆ ಒಳದಾರಿಗಳನ್ನು ಬಾಗಿದ ಕೊಳವೆಗಳಂತೆ ಮಾಡಬಹುದು. ಕೊಳವೆಯ ಸುತ್ತ ಬೇಕಾದಷ್ಟೇ ಲೋಹ ಉಳಿಸಿದರೆ ಸುಮಾರು 110 ಘನ ಸೆಂಮೀ, ಅಂದರೆ 870 ಗ್ರಾಂ ಆಸುಪಾಸು. ಪ್ಲಗ್ ಒಂದೂ ಬೇಡ.

ಇಷ್ಟೆಲ್ಲ ಇದ್ದರೂ, ಆ ಮ್ಯಾನಿಫೋಲ್ಡ್ ನೆಲದ ಮೇಲೆ ನಿಂತ ಪವರ್‌ಪ್ಯಾಕ್‌ಗೆ ಹೋಗುವುದಾದರೆ ಪ್ರಿಂಟ್ ಬೇಡ ಅಂತಲೇ ಹೇಳುತ್ತೇನೆ. ಅಲ್ಲಿ ತೂಕ ಯಾರಿಗೂ ಭಾರವಲ್ಲ. ಡ್ರಿಲ್ ಮಾಡಿದ ಬ್ಲಾಕ್ ಅಗ್ಗ. ವಿಮಾನ, ಡ್ರೋನ್, ರೋಬೋಟ್ ತೋಳಿನ ತುದಿ, ರೇಸ್ ಕಾರು, ಇಕ್ಕಟ್ಟಿನ ಜಾಗದಲ್ಲಿ ಕೂರುವ ಮಷಿನ್, ಇಂಥ ಕಡೆ ಲೆಕ್ಕ ಬದಲಾಗುತ್ತದೆ. ಒಂದು ಸರಳ ಪರೀಕ್ಷೆ: ಆಕಾರವನ್ನು ಹಾಗೇ ಇಟ್ಟು ಬರೀ ಪ್ರಿಂಟ್‌ಗೆ ಕಳಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ. ಹೊಸದಾಗಿ ಡಿಸೈನ್ ಮಾಡಿ ಏನಾದರೂ ಗಳಿಸುವುದಿದ್ದರೆ ಮಾತ್ರ ಮುಂದುವರಿಯಿರಿ. ಜಿಇ ಕಂಪನಿಯವರ ಲೀಪ್ ಎಂಜಿನ್‌ನ ಫ್ಯೂಯೆಲ್ ನಾಝಲ್ ತುದಿ ಹೆಸರು ಮಾಡಿದ್ದು ಹಾಗೇ. ಸುಮಾರು 20 ಭಾಗಗಳು ಒಂದಾದವು, ತೂಕ 25% ಇಳಿಯಿತು.

ಹಂತ 2: ವಿಧಾನ ಮತ್ತು ಮೆಟೀರಿಯಲ್

ಲೋಹ ಪ್ರಿಂಟ್ ಮಾಡುವ ದಾರಿ ಹಲವಾರು ಇವೆ. ಲೇಸರ್ ಅಥವಾ ಆರ್ಕ್‌ನಿಂದ ಕರಗಿಸಿ ತಂತಿಯನ್ನೋ ಪೌಡರನ್ನೋ ಸುರಿಯುತ್ತಾ ಹೋಗುವ ವಿಧಾನ ದೊಡ್ಡ ತುಂಡುಗಳಿಗೆ ಮತ್ತು ಸವೆದ ಡೈ, ಶಾಫ್ಟ್ ರಿಪೇರಿಗೆ ಚೆನ್ನ. ಡಿಎಂಜಿ ಮೋರಿ, ಮಝಾಕ್ ಮುಂತಾದವರು ಇದನ್ನು ಮಿಲ್ಲಿಂಗ್ ಜೊತೆ ಒಂದೇ ಮಷಿನ್‌ನಲ್ಲಿ ಸೇರಿಸಿದ್ದಾರೆ. ಪೌಡರನ್ನು ಅಂಟಿನಿಂದ ಹಿಡಿದು ಆಮೇಲೆ ಕುಲುಮೆಯಲ್ಲಿ ಗಟ್ಟಿ ಮಾಡುವ ವಿಧಾನವೂ ಇದೆ. ಅದರಲ್ಲಿ ಜಾಬ್ 15ರಿಂದ 20% ಕುಗ್ಗುತ್ತದೆ, ಹಾಗಾಗಿ ಅಳತೆ ಹಿಡಿತಕ್ಕೆ ತರುವುದು ಬೇರೆಯದೇ ಕೆಲಸ.

ನಮ್ಮ ಮ್ಯಾನಿಫೋಲ್ಡ್‌ಗೆ ಸರಿಯಾದದ್ದು ಪೌಡರ್ ಬೆಡ್ ಮೇಲೆ ಲೇಸರ್ ಹಾಯಿಸುವ ವಿಧಾನ. 15ರಿಂದ 45 ಮೈಕ್ರಾನ್ ಗಾತ್ರದ ಪೌಡರನ್ನು ತೆಳುವಾಗಿ ಹರಡಿ, ಬೇಕಾದ ಕಡೆ ಮಾತ್ರ ಲೇಸರ್‌ನಿಂದ ಕರಗಿಸಿ, ಮತ್ತೆ ಹರಡುತ್ತಾ ಹೋಗುವುದು. ಒಂದು ಪದರ 30ರಿಂದ 60 ಮೈಕ್ರಾನ್. ಚೇಂಬರ್‌ನಲ್ಲಿ ಆರ್ಗಾನ್ ಅಥವಾ ನೈಟ್ರೋಜನ್ ತುಂಬಿರುತ್ತದೆ.

ಮೆಟೀರಿಯಲ್ 316ಎಲ್ ಸ್ಟೇನ್‌ಲೆಸ್ ಸ್ಟೀಲ್ ಇಟ್ಟುಕೊಳ್ಳೋಣ. ತುಕ್ಕು ಹಿಡಿಯಲ್ಲ, ಪ್ರಿಂಟ್‌ನಲ್ಲಿ ಬಿರುಕು ಬಿಡುವುದು ಕಡಿಮೆ, ಪೌಡರ್ ಸುಲಭವಾಗಿ ಸಿಗುತ್ತದೆ. ಇದಕ್ಕೆ ಎಎಸ್‌ಟಿಎಂ ಎಫ್3184 ಅನ್ನುವ ಸ್ಟ್ಯಾಂಡರ್ಡ್ ಇದೆ. ಆರ್ಡರ್‌ನಲ್ಲಿ ಅದನ್ನೇ ನಮೂದಿಸಬಹುದು.

ಹಂತ 3: ಒಳದಾರಿಗಳ ಡಿಸೈನ್

ಮೊದಲು ಗೋಡೆಯ ದಪ್ಪ. ಒಳದಾರಿ 8 ಮಿಮೀ, ಗೋಡೆ 2 ಮಿಮೀ ಅಂತ ಇಟ್ಟುಕೊಳ್ಳಿ. 210 ಬಾರ್ ಅಂದರೆ 21 ಎಂಪಿಎ. ದಪ್ಪ ಗೋಡೆಯ ಸೂತ್ರ ಹಾಕಿದರೆ ಗೋಡೆಯ ಲೋಹದ ಒಳಮೈಯಲ್ಲಿ ಸುಮಾರು 55 ಎಂಪಿಎ ಸ್ಟ್ರೆಸ್ ಬರುತ್ತದೆ. ಪೂರ್ತಿ ಅನೀಲ್ ಮಾಡಿದ 316ಎಲ್‌ನ ಕನಿಷ್ಠ ಯೀಲ್ಡ್ (ಲೋಹ ಶಾಶ್ವತವಾಗಿ ಹಿಗ್ಗಲು ಶುರುವಾಗುವ ಸ್ಟ್ರೆಸ್) 170 ಎಂಪಿಎ. ಪ್ರಿಂಟ್ ಮಾಡಿದ್ದು ಅದಕ್ಕಿಂತ ಬಹಳ ಗಟ್ಟಿ ಇರುತ್ತದೆ, ಆದರೆ ಲೆಕ್ಕಕ್ಕೆ ಕಡಿಮೆಯದನ್ನೇ ಹಿಡಿಯಿರಿ. ಮೂರು ಪಟ್ಟು ಸುರಕ್ಷತೆ ಸಿಕ್ಕಿತು. ಒತ್ತಡ ಸತತವಾಗಿ ಏರಿಳಿಯುವ ಕಡೆ ಫಟೀಗ್ ಲೆಕ್ಕ ಬೇರೆ ಮಾಡಬೇಕು, ಯಾಕೆಂದರೆ ಒರಟಾದ ಒಳಮೈಯಲ್ಲಿ ಬಿರುಕು ಬೇಗ ಹುಟ್ಟುತ್ತದೆ.

ಎರಡನೆಯದು ಒಳದಾರಿಯ ಆಕಾರ. ನೆಲಕ್ಕೆ ಅಡ್ಡಲಾಗಿ ಹೋಗುವ ದುಂಡು ರಂಧ್ರದ ಮೇಲ್ಭಾಗಕ್ಕೆ ಕೆಳಗೆ ಆಧಾರ ಇಲ್ಲ, ಬರೀ ಪೌಡರ್. 6ರಿಂದ 8 ಮಿಮೀ ತನಕ ಹೇಗೋ ನಿಲ್ಲುತ್ತದೆ. ಅದಕ್ಕಿಂತ ದೊಡ್ಡದಾದರೆ ಚಾವಣಿ ಜೋತು ಬೀಳುತ್ತದೆ. ಅದಕ್ಕೇ ಮೇಲ್ಭಾಗವನ್ನು ಹನಿಯ ಆಕಾರದಲ್ಲಿ ಚೂಪು ಮಾಡುತ್ತಾರೆ. ನೆಲದಿಂದ 45 ಡಿಗ್ರಿಗಿಂತ ಹೆಚ್ಚು ಎದ್ದು ನಿಂತ ಮೈ ತನ್ನನ್ನು ತಾನೇ ಹೊರುತ್ತದೆ. ನಮ್ಮದು 8 ಮಿಮೀ, ಗಡಿಯಲ್ಲಿದೆ. ಹನಿಯ ಆಕಾರವನ್ನೇ ಮಾಡಿ, ಎಣ್ಣೆಗೆ ಏನೂ ತೊಂದರೆ ಇಲ್ಲ. ಒಳದಾರಿಯೊಳಗೆ ಸಪೋರ್ಟ್ (ಪ್ರಿಂಟ್ ಆಗುವಾಗ ಆಸರೆಗೆ ಕಟ್ಟುವ ತಾತ್ಕಾಲಿಕ ಲೋಹ) ಮಾತ್ರ ಯಾವ ಕಾರಣಕ್ಕೂ ಬೇಡ. ಅದನ್ನು ತೆಗೆಯಲು ಯಾವ ಟೂಲೂ ಹೋಗಲ್ಲ.

ಮೂರನೆಯದು ಪೌಡರ್ ಹೊರಬರುವ ದಾರಿ. ಪ್ರತಿ ಒಳದಾರಿಗೂ ಎರಡು ಬಾಯಿ ಇರಬೇಕು. ಒಂದೇ ಬಾಯಿ ಇದ್ದರೆ ಮೂಲೆಯಲ್ಲಿ ಪೌಡರ್ ಕಚ್ಚಿಕೊಂಡು ಕೂರುತ್ತದೆ.

ಹಂತ 4: ಯಾವ ಕಡೆ ಮಲಗಿಸುವುದು?

ಪ್ರಿಂಟಿಂಗ್ ಸೇವೆ ಕೊಡುವವರು ಇದನ್ನು ನೋಡಿಕೊಳ್ಳುತ್ತಾರೆ, ನಿಜ. ಆದರೂ ನೀವು ಅವರ ಜೊತೆ ಕೂತು ಮಾತಾಡಿ. ಬೆಲೆ, ಬಾಗುವಿಕೆ, ಮಷಿನಿಂಗ್ ಮೂರೂ ಇದರ ಮೇಲೇ ನಿಂತಿವೆ.

ಒಂದು ಲೆಕ್ಕ ನೋಡಿ. ಪದರ 40 ಮೈಕ್ರಾನ್ ಅಂತಿಟ್ಟುಕೊಳ್ಳಿ. ಜಾಬನ್ನು 90 ಮಿಮೀ ಎತ್ತರ ನಿಲ್ಲಿಸಿದರೆ 2,250 ಪದರ. ಪ್ರತಿ ಪದರಕ್ಕೆ ಪೌಡರ್ ಹರಡಲು 10 ಸೆಕೆಂಡ್ ಹಿಡಿದರೆ ಬರೀ ಹರಡುವುದಕ್ಕೇ ಆರೂಕಾಲು ಗಂಟೆ. ಅದೇ 50 ಮಿಮೀ ಎತ್ತರ ಬರುವಂತೆ ಮಲಗಿಸಿದರೆ 1,250 ಪದರ, ಸುಮಾರು ಮೂರೂವರೆ ಗಂಟೆ. ಲೇಸರ್ ಕೆಲಸ ಎರಡಕ್ಕೂ ಒಂದೇ. ಲೇಸರ್ ಸೆಕೆಂಡಿಗೆ 1,000 ಮಿಮೀ ಓಡಿ, ಗೆರೆಗಳ ನಡುವೆ 0.1 ಮಿಮೀ ಅಂತರ ಇದ್ದರೆ ಗಂಟೆಗೆ 14.4 ಘನ ಸೆಂಮೀ ಲೋಹ ಕರಗುತ್ತದೆ. 110 ಘನ ಸೆಂಮೀಗೆ ಏಳೂವರೆ ಗಂಟೆಗಿಂತ ಸ್ವಲ್ಪ ಜಾಸ್ತಿ.

ಇನ್ನೂ ಮುಖ್ಯವಾದದ್ದು ಮುಂದಿದೆ. 250 × 250 ಮಿಮೀ ಬಿಲ್ಡ್ ಪ್ಲೇಟ್ (ಪ್ರಿಂಟರ್‌ನಲ್ಲಿ ಜಾಬ್ ಅಂಟಿಕೊಂಡು ಬೆಳೆಯುವ ಲೋಹದ ತಟ್ಟೆ) ಮೇಲೆ ಈ ಜಾಬ್ ಮಲಗಿಸಿದರೆ ಆರು ಹಿಡಿಯುತ್ತವೆ. ಪೌಡರ್ ಹರಡುವ ಮೂರೂವರೆ ಗಂಟೆ ಆರಕ್ಕೂ ಹಂಚಿಹೋಗುತ್ತದೆ. ತಲಾ 35 ನಿಮಿಷ ಬಿತ್ತು. ಒಂದೇ ಪೀಸ್ ಮಾಡಿಸಿ "ದುಬಾರಿ" ಅನ್ನುವ ಮೊದಲು ಪ್ಲೇಟ್ ತುಂಬ ಮಾಡಿಸಿದರೆ ಎಷ್ಟಾಗುತ್ತದೆ ಅಂತ ಕೇಳಿ.

ಹಾಗಂತ ಬರೀ ಎತ್ತರ ನೋಡಿ ತೀರ್ಮಾನಿಸಬೇಡಿ. ಕೆಳಮುಖವಾಗಿರುವ ಮೈ ಯಾವಾಗಲೂ ಒರಟು. ಸಪೋರ್ಟ್ ಬರುವುದೂ ಅಲ್ಲೇ. ಹೇಗಿದ್ದರೂ ಮಿಲ್ ಮಾಡಬೇಕಾದ ಮುಖವನ್ನು ಕೆಳಗೆ ಹಾಕಿ. ನಮ್ಮ ಮ್ಯಾನಿಫೋಲ್ಡ್‌ನಲ್ಲಿ ಬೋಲ್ಟ್ ಹಾಕಿ ಕೂರಿಸುವ ತಳ ಇದೆಯಲ್ಲ, ಅದೇ ಸರಿ. ಸಪೋರ್ಟ್ ಕಿತ್ತ ಗುರುತು ಮಿಲ್ಲಿಂಗ್‌ನಲ್ಲಿ ಹೋಗುತ್ತದೆ.

ಹಂತ 5: ಹಿಡಿತ, ಡೇಟಂ, ಸ್ಟಾಕ್

ಇಡೀ ಕೆಲಸ ಗೆಲ್ಲುವುದು ಅಥವಾ ಸೋಲುವುದು ಇಲ್ಲಿ. ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ಬಾಗಿದ ಕೊಳವೆಗಳ ಗೊಂಚಲನ್ನು ವೈಸ್‌ನಲ್ಲಿ ಹಿಡಿಯೋದು ಹೇಗೆ? ಎದುರುಬದುರು ಸಮಾನಾಂತರ ಮುಖಗಳೇ ಇಲ್ಲ. ಡಯಲ್ ಓಡಿಸಲು ಒಂದು ನೇರ ಅಂಚೂ ಇಲ್ಲ. ಕ್ಯಾಡ್‌ನಲ್ಲಿ ಚೆಂದ ಕಾಣುವ ಜಾಬ್ ಮಷಿನ್ ಟೇಬಲ್ ಮೇಲೆ ಬಂದಾಗ ಆಪರೇಟರ್ ತಲೆ ಕೆರೆದುಕೊಳ್ಳುತ್ತಾನೆ. ಆ ಸಮಸ್ಯೆಯನ್ನು ಕ್ಯಾಡ್‌ನಲ್ಲೇ ಬಗೆಹರಿಸಬೇಕು. ಪ್ರಿಂಟಿಂಗ್‌ನಲ್ಲಿ ಹೆಚ್ಚುವರಿ ಆಕಾರ ಸೇರಿಸುವುದಕ್ಕೆ ಹೊಸ ಡೈ ಬೇಡ, ಪ್ಯಾಟರ್ನ್ ಬೇಡ. ಒಂದಿಷ್ಟು ಗ್ರಾಂ ಪೌಡರ್ ಸಾಕು.

ಡೇಟಂಗೆ, ಅಂದರೆ ಅಳತೆ ಶುರುವಾಗುವ ಆಧಾರಕ್ಕೆ, ಮೂರು-ಎರಡು-ಒಂದು ನಿಯಮ ನಿಮಗೆ ಗೊತ್ತೇ ಇದೆ. ಮೂರು ಬಿಂದು ಒಂದು ಸಮತಲ ಕೊಡುತ್ತವೆ, ಎರಡು ಬಿಂದು ದಿಕ್ಕು, ಒಂದು ಬಿಂದು ಕೊನೆಯ ತಡೆ. ಆ ಆರು ಬಿಂದುಗಳಿಗೆ 8 ಮಿಮೀ ವ್ಯಾಸದ ಸಣ್ಣ ಪ್ಯಾಡ್‌ಗಳನ್ನು ಜಾಬ್ ಜೊತೆಗೇ ಪ್ರಿಂಟ್ ಮಾಡಿಸಿ. ಅವು ಮೇಲ್ಮುಖವಾಗೋ ನೆಟ್ಟಗೋ ಇರಲಿ, ಕೆಳಮುಖ ಬೇಡ. ಒಂದಕ್ಕೊಂದು ಆದಷ್ಟು ದೂರ ಇರಲಿ. ಪ್ರೋಬ್ (ಮಷಿನ್ ಮೇಲೇ ಮುಟ್ಟಿ ಅಳೆಯುವ ಸಾಧನ) ಮುಟ್ಟಲು ಜಾಗ ಇರಲಿ.

ಹಿಡಿಯಲು ಮೂರು ದಾರಿ ಇವೆ. ಮೊದಲನೆಯದು, ತಳಕ್ಕೆ 5ರಿಂದ 6 ಮಿಮೀ ದಪ್ಪದ ಒಂದು ತಾತ್ಕಾಲಿಕ ಪೀಠ ಸೇರಿಸುವುದು. ವೈಸ್ ಅದನ್ನು ಕಚ್ಚುತ್ತದೆ. ಕೊನೆಯ ಸೆಟ್ಟಿಂಗ್‌ನಲ್ಲಿ ಅದನ್ನು ಮಿಲ್ ಮಾಡಿ ತೆಗೆಯುತ್ತೀರಿ. ಫೈವ್ ಆಕ್ಸಿಸ್ ಇದ್ದವರು ಅದಕ್ಕೆ ಡವ್‌ಟೇಲ್ ಆಕಾರವನ್ನೂ ಕೊಡಬಹುದು. ಎರಡನೆಯದು, ಜಾಬನ್ನು ಬಿಲ್ಡ್ ಪ್ಲೇಟ್‌ನಿಂದ ಕತ್ತರಿಸದೆ, ಪ್ಲೇಟ್ ಸಮೇತ ವಿಎಂಸಿಗೆ ಏರಿಸುವುದು. ಪ್ಲೇಟೇ ಫಿಕ್ಸ್ಚರ್. ಆರೂ ಜಾಬ್‌ಗಳ ಮೇಲ್ಮುಖದ ಪೋರ್ಟ್‌ಗಳನ್ನು ಒಂದೇ ಸೆಟ್ಟಿಂಗ್‌ನಲ್ಲಿ ಮುಗಿಸಬಹುದು. ಜೀರೋ ಪಾಯಿಂಟ್ ಕ್ಲ್ಯಾಂಪ್ ಇದ್ದರಂತೂ ಪ್ರಿಂಟರ್‌ನ ಸೊನ್ನೆ ಬಿಂದುವನ್ನು ಹೆಚ್ಚುಕಡಿಮೆ ಹಾಗೇ ವಿಎಂಸಿಗೆ ತರಬಹುದು. ಮೇಲ್ಮುಖದಲ್ಲಿ ಕೆಲಸ ಜಾಸ್ತಿ ಇದ್ದರೆ ನಾನು ಇದನ್ನೇ ಆರಿಸುತ್ತೇನೆ. ಮೂರನೆಯದು ಸಾಫ್ಟ್ ಜಾ. ಜಾಬ್‌ನ ಆಕಾರದ್ದೇ ಅಚ್ಚು ಕೊರೆದ ದವಡೆ. ಅಲ್ಯೂಮಿನಿಯಂನಲ್ಲಿ ಮಾಡಬಹುದು. ಹಗುರವಾದ ಕಟಿಂಗ್ ಆದರೆ ಸಾಧಾರಣ ಪ್ಲಾಸ್ಟಿಕ್ 3ಡಿ ಪ್ರಿಂಟರ್‌ನಲ್ಲೇ ನೈಲಾನ್ ಅಥವಾ ಪಿಇಟಿಜಿಯಲ್ಲಿ ಮಾಡಿಕೊಳ್ಳಬಹುದು. ಪಿಎಲ್‌ಎ ಬೇಡ, 60 ಡಿಗ್ರಿ ಹತ್ತಿರ ಬಂದರೆ ಮೆತ್ತಗಾಗುತ್ತದೆ.

ಇನ್ನು ಸ್ಟಾಕ್, ಅಂದರೆ ಆಮೇಲೆ ಕತ್ತರಿಸಿ ತೆಗೆಯಲೆಂದು ಬಿಡುವ ಹೆಚ್ಚುವರಿ ಲೋಹ. ಮಿಲ್ ಮಾಡುವ ಮುಖಗಳಿಗೆ 0.8ರಿಂದ 1 ಮಿಮೀ ಬಿಡಿ. ತಳಕ್ಕೆ ವೈರ್‌ಕಟ್‌ಗೂ (ವಿದ್ಯುತ್ ಹರಿಯುವ ತಂತಿಯಿಂದ ಜಾಬನ್ನು ಪ್ಲೇಟ್‌ನಿಂದ ಕತ್ತರಿಸುವುದು) ಸೇರಿಸಿ 3 ಮಿಮೀ. ಪೋರ್ಟ್‌ಗಳು ಕ್ವಾರ್ಟರ್ ಬಿಎಸ್‌ಪಿ ಪೈಪ್ ಥ್ರೆಡ್. ಅದರ ಡ್ರಿಲ್ 11.8 ಮಿಮೀ. ಹಾಗಾಗಿ ರಂಧ್ರವನ್ನು 10.5 ಮಿಮೀಗೆ ಪ್ರಿಂಟ್ ಮಾಡಿಸಿ. ಪ್ರತಿ ಕಡೆ 0.65 ಮಿಮೀ ಸಿಗುತ್ತದೆ. 11.5ಕ್ಕೆ ಮಾಡಿಸಿದರೆ ಟೂಲ್ ಮೈಗೆ ಮೈ ತಿಕ್ಕುತ್ತಾ ಹೋಗುತ್ತದೆ, ಕತ್ತರಿಸಲ್ಲ. 316ಎಲ್ ತಿಕ್ಕಿದಷ್ಟೂ ಗಟ್ಟಿಯಾಗುವ ಲೋಹ.

4 ಮಿಮೀ ಅಥವಾ ಅದಕ್ಕಿಂತ ಸಣ್ಣ ರಂಧ್ರಗಳನ್ನು ಪ್ರಿಂಟ್ ಮಾಡಿಸಲೇಬೇಡಿ. ಗಟ್ಟಿಯಾಗಿ ಬಿಟ್ಟು ನೀವೇ ಡ್ರಿಲ್ ಹಾಕಿ. ಪ್ರಿಂಟ್ ಆದ ಸಣ್ಣ ರಂಧ್ರ ಸ್ವಲ್ಪ ಓರೆ ಇದ್ದರೂ ಡ್ರಿಲ್ ಅದನ್ನೇ ಹಿಂಬಾಲಿಸಿ ಓರೆಯಾಗುತ್ತದೆ.

ಹಂತ 6: ಪ್ಲಾಸ್ಟಿಕ್ ಡಮ್ಮಿ ಮಾಡಿ ನೋಡಿ

ಲೋಹಕ್ಕೆ ದುಡ್ಡು ಹಾಕುವ ಮೊದಲು ಸ್ಟಾಕ್, ಪ್ಯಾಡ್, ತಾತ್ಕಾಲಿಕ ಪೀಠ ಎಲ್ಲ ಸೇರಿದ ಮಾಡೆಲ್ಲನ್ನೇ ಪ್ಲಾಸ್ಟಿಕ್‌ನಲ್ಲಿ ಪ್ರಿಂಟ್ ಮಾಡಿ. ವೈಸ್‌ನಲ್ಲಿ ಹಿಡಿದು ನೋಡಿ. ಟೂಲ್ ಹೋಲ್ಡರ್ ಪಕ್ಕದ ಕೊಳವೆಗೆ ತಾಗುತ್ತದಾ? ಥ್ರೆಡ್ ಮಿಲ್ ತಳದವರೆಗೆ ಮುಟ್ಟುತ್ತದಾ? ಪ್ರೋಬ್ ಎಲ್ಲಾ ಪ್ಯಾಡ್‌ಗಳಿಗೂ ಹೋಗುತ್ತದಾ? ಕ್ಯಾಮ್ ಸಿಮ್ಯುಲೇಶನ್‌ನಲ್ಲಿ ಕಾಣದ ಎಷ್ಟೋ ವಿಷಯ ಕೈಯಲ್ಲಿ ಹಿಡಿದಾಗ ಕಾಣುತ್ತದೆ.

ಹಂತ 7: ಆರ್ಡರ್‌ನಲ್ಲಿ ಏನು ಬರೆಯಬೇಕು

ಎರಡು ಡ್ರಾಯಿಂಗ್ ಕೊಡಿ. ಒಂದು ಪ್ರಿಂಟ್ ಆಗಿ ಬರಬೇಕಾದ ರೂಪದ್ದು, ಇನ್ನೊಂದು ಮುಗಿದ ಜಾಬಿನದು. ಪ್ರಿಂಟ್ ಡ್ರಾಯಿಂಗ್‌ನಲ್ಲಿ ಎಲ್ಲಾ ಕಡೆ 20 ಮೈಕ್ರಾನ್ ಟಾಲರೆನ್ಸ್ ಬರೆದರೆ ಯಾರೂ ಒಪ್ಪಲ್ಲ. ಈ ಗಾತ್ರಕ್ಕೆ ಪ್ಲಸ್ ಮೈನಸ್ 0.2 ಮಿಮೀ ಬರೆದರೆ ಸರಿ. ಮೇಲ್ಮೈ ಒರಟುತನ ಆರ್‌ಎ 6ರಿಂದ 15 ಮೈಕ್ರಾನ್ ನಡುವೆ ಬರುತ್ತದೆ ಅಂತ ಲೆಕ್ಕ ಹಾಕಿಕೊಳ್ಳಿ. ಫೈಲನ್ನು ಸ್ಟೆಪ್ ರೂಪದಲ್ಲಿ ಕೊಡಿ. ಎಸ್‌ಟಿಎಲ್ ಮಾತ್ರ ಕೊಟ್ಟರೆ ದುಂಡು ಮೈಗಳೆಲ್ಲ ಚಪ್ಪಟೆ ತ್ರಿಕೋನಗಳಾಗಿ ಹೋಗುತ್ತವೆ.

ಮಲಗಿಸುವ ದಿಕ್ಕು, ಸಪೋರ್ಟ್ ಬರಬಾರದ ಜಾಗಗಳು, ಪದರದ ದಪ್ಪ, ಪೌಡರ್‌ನ ಟೆಸ್ಟ್ ಸರ್ಟಿಫಿಕೇಟ್ ಇವೆಲ್ಲ ಬರವಣಿಗೆಯಲ್ಲಿ ಇರಲಿ. ಅದೇ ಪ್ಲೇಟ್ ಮೇಲೆ ಒಂದೆರಡು ಟೆನ್ಸೈಲ್ ಟೆಸ್ಟ್ ಕಡ್ಡಿಗಳನ್ನೂ ಪ್ರಿಂಟ್ ಮಾಡಿಕೊಡಲು ಹೇಳಿ. ನಾಳೆ ಗ್ರಾಹಕರು ಪ್ರಶ್ನೆ ಕೇಳಿದಾಗ ಆ ಕಡ್ಡಿಗಳೇ ಉತ್ತರ.

ಹಂತ 8: ಪ್ರಿಂಟ್ ಆದ ಮೇಲಿನ ಕ್ರಮ

ಈ ಕ್ರಮ ತಪ್ಪಿದರೆ ಜಾಬ್ ಹೋಯಿತು ಅಂತಲೇ ತಿಳಿಯಿರಿ. ಮೊದಲು ಪೌಡರ್ ಪೂರ್ತಿ ತೆಗೆಯಬೇಕು. ಆಮೇಲೆ ಪ್ಲೇಟ್ ಮೇಲೇ ಇಟ್ಟು ಹೀಟ್ ಟ್ರೀಟ್‌ಮೆಂಟ್. ಕೊನೆಗೆ ವೈರ್‌ಕಟ್.

ಯಾಕೆ ಹೀಗೆ? ಪ್ರಿಂಟ್ ಆಗುವಾಗ ಪ್ರತಿ ಪದರವೂ ಕರಗಿ ತಟ್ಟನೆ ತಣ್ಣಗಾಗುತ್ತದೆ. ಕುಗ್ಗಲು ಹೋಗುತ್ತದೆ, ಕೆಳಗಿನ ಪದರ ಬಿಡಲ್ಲ. ಹೀಗೆ ಜಾಬ್‌ನೊಳಗೆ ಬಿಗಿತ ತುಂಬಿಕೊಳ್ಳುತ್ತದೆ. ಪ್ಲೇಟ್‌ಗೆ ಅಂಟಿಕೊಂಡಿರುವ ತನಕ ಅದು ಕಾಣಿಸಲ್ಲ. ಹೀಟ್ ಟ್ರೀಟ್‌ಮೆಂಟ್‌ಗೆ ಮೊದಲೇ ಕತ್ತರಿಸಿದರೆ ಜಾಬ್ ಬಾಳೆಹಣ್ಣಿನಂತೆ ಬಾಗಿ ಏಳುತ್ತದೆ. 316ಎಲ್‌ಗೆ ವ್ಯಾಕ್ಯೂಮ್ ಅಥವಾ ಆರ್ಗಾನ್‌ನಲ್ಲಿ 900 ಡಿಗ್ರಿ ಆಸುಪಾಸಿನಲ್ಲಿ ಎರಡು ಗಂಟೆ ಇಡುವುದು ಒಂದು ಪದ್ಧತಿ. ನಿಖರ ಸೈಕಲ್ಲನ್ನು ಪೌಡರ್ ಡೇಟಾಶೀಟ್ ನೋಡಿ ತೀರ್ಮಾನಿಸಿ.

ಪೌಡರ್ ಒಳಗೇ ಉಳಿದು ಕುಲುಮೆಗೆ ಹೋದರೆ ಅಲ್ಲೇ ಬೆಸೆದುಕೊಳ್ಳುತ್ತದೆ. ವೈರ್‌ಕಟ್ ನೀರು ತಾಗಿದರೆ ಹೆಪ್ಪುಗಟ್ಟುತ್ತದೆ. ಪೌಡರ್ ಉಳಿದಿದೆಯಾ ಅಂತ ತಿಳಿಯಲು ತೂಕ ಹಾಕಿ ನೋಡಿ. 8 ಮಿಮೀ ಒಳದಾರಿ 100 ಮಿಮೀ ಉದ್ದ ಪೂರ್ತಿ ಕಟ್ಟಿಕೊಂಡಿದ್ದರೆ ಅದರಲ್ಲಿ 20 ಗ್ರಾಂಗಿಂತ ಜಾಸ್ತಿ ಪೌಡರ್ ಇರುತ್ತದೆ. ಆರೂ ಜಾಬ್‌ಗಳನ್ನು ಕತ್ತರಿಸುವ ಮೊದಲು ಪ್ಲೇಟ್ ಸಮೇತ ತೂಗಿ, ಅಲುಗಾಡಿಸಿ ಮತ್ತೆ ತೂಗಿ. ತೂಕ ಇಳಿಯುತ್ತಲೇ ಇದ್ದರೆ ಇನ್ನೂ ಇದೆ ಅಂತ ಅರ್ಥ. ತೂಕ ನಿಂತ ಮೇಲೂ ಬೋರೋಸ್ಕೋಪ್ ಹಾಕಿ ಒಮ್ಮೆ ನೋಡಿ, ಗಟ್ಟಿಯಾಗಿ ಕಚ್ಚಿಕೊಂಡದ್ದು ತೂಕದಲ್ಲಿ ಗೊತ್ತಾಗಲ್ಲ.

ಸುರಕ್ಷತೆಯ ಮಾತು ಇಲ್ಲೇ ಹೇಳಿಬಿಡುತ್ತೇನೆ. ನಿಮ್ಮ ಶಾಪಿಗೆ ಬಂದ ಜಾಬ್‌ನಿಂದಲೂ ಪೌಡರ್ ಉದುರಬಹುದು. ಏರ್ ಗನ್ ಹಿಡಿದು ಊದಬೇಡಿ. ಮಾಸ್ಕ್, ಗ್ಲೌಸ್ ಹಾಕಿಕೊಳ್ಳಿ. ಅಲ್ಯೂಮಿನಿಯಂ, ಟೈಟಾನಿಯಂ ಪೌಡರ್ ಆದರೆ ಇನ್ನೂ ಎಚ್ಚರ. ಅವಕ್ಕೆ ಬೆಂಕಿ ಹತ್ತಿದರೆ ನೀರು ಹಾಕಲೇಬಾರದು. ಲೋಹದ ಬೆಂಕಿಗೆಂದೇ ಇರುವ ಡಿ ಕ್ಲಾಸ್ ಎಕ್ಸ್‌ಟಿಂಗ್ವಿಶರ್ ಬೇಕು. ಮಾಮೂಲಿ ವ್ಯಾಕ್ಯೂಮ್ ಕ್ಲೀನರ್‌ನಿಂದ ಆ ಪೌಡರ್ ಎಳೆಯಬೇಡಿ, ಮೋಟರ್‌ನ ಒಂದು ಕಿಡಿ ಸಾಕು.

ಹಂತ 9: ಅಳೆದು ಹಂಚಿಕೊಳ್ಳುವುದು

ಜಾಬ್ ಎಷ್ಟೇ ಚೆನ್ನಾಗಿ ಬಂದರೂ ಕ್ಯಾಡ್‌ನಂತೆ ಇರಲ್ಲ. ಒಂದು ಪೋರ್ಟ್ 0.15 ಮಿಮೀ ಆಚೆ, ಇನ್ನೊಂದು ಮುಖ 0.1 ಮಿಮೀ ಕೆಳಗೆ. ಆರು ಪ್ಯಾಡ್‌ಗಳಿಂದ ಸೊನ್ನೆ ಹಿಡಿದು, ಮಷಿನ್ ಮಾಡಬೇಕಾದ ಪ್ರತಿಯೊಂದು ಜಾಗವನ್ನೂ ಪ್ರೋಬ್ ಮಾಡಿ. ಎಲ್ಲೆಲ್ಲಿ ಎಷ್ಟು ಸ್ಟಾಕ್ ಇದೆ ಅಂತ ಒಂದು ಕಾಗದದ ಮೇಲೆ ಬರೆಯಿರಿ. ಎಲ್ಲೋ ಒಂದು ಕಡೆ 0.2 ಮಿಮೀ ಮಾತ್ರ ಇದ್ದು ಎದುರು ಕಡೆ 1.4 ಇದ್ದರೆ, ಸೊನ್ನೆ ಬಿಂದುವನ್ನು 0.6 ಮಿಮೀ ಸರಿಸಿ. ಎರಡೂ ಕಡೆ 0.8 ಆಯಿತು. ಕಾಸ್ಟಿಂಗ್ ಕೆಲಸ ಮಾಡಿದವರಿಗೆ ಇದು ಹೊಸದೇನಲ್ಲ. ಸಿಎಂಎಂ (ಮೂರು ಆಯಾಮದಲ್ಲಿ ಅಳೆಯುವ ಮಷಿನ್) ಅಥವಾ 3ಡಿ ಸ್ಕ್ಯಾನರ್ ಇದ್ದರೆ ಸಾಫ್ಟ್‌ವೇರ್ ಈ ಲೆಕ್ಕ ತಾನೇ ಮಾಡಿಕೊಡುತ್ತದೆ.

ಹಾಗೆ ಸರಿಸುವಾಗ ಒಳದಾರಿಯ ಗೋಡೆಯನ್ನು ಮರೆಯಬೇಡಿ. ಪೋರ್ಟ್ ಸರಿದರೆ ಒಂದು ಕಡೆ ಗೋಡೆ ತೆಳುವಾಗುತ್ತದೆ. 2 ಮಿಮೀ ಅಂತ ಲೆಕ್ಕ ಹಾಕಿದ್ದು 1.4ಕ್ಕೆ ಇಳಿದರೆ ಒತ್ತಡದ ಲೆಕ್ಕವನ್ನು ಮತ್ತೆ ಹಾಕಬೇಕಾಗುತ್ತದೆ.

ಹಂತ 10: ಮಷಿನಿಂಗ್

ಪ್ರಿಂಟ್ ಆದ 316ಎಲ್ ನಾವು ಬಾರ್‌ನಲ್ಲಿ ತರುವ 316ಎಲ್‌ಗಿಂತ ಗಟ್ಟಿ. ಮೇಲ್ಮೈಯಲ್ಲಿ ಅರೆಬರೆ ಕರಗಿದ ಪೌಡರ್ ಕಣಗಳು ಅಂಟಿರುತ್ತವೆ. ಆ ಚರ್ಮ ಟೂಲ್ ಅಂಚನ್ನು ತಿನ್ನುತ್ತದೆ. ಅದಕ್ಕೇ ಮೊದಲ ಕಟ್ ಧೈರ್ಯವಾಗಿ 0.5 ಮಿಮೀ ಕೊಡಿ, ಚರ್ಮದ ಕೆಳಗೆ ಹೋಗಲಿ. 0.1 ಮಿಮೀ ಅಂತ ಹೆದರಿ ಹೆದರಿ ಕೊಟ್ಟರೆ ಚರ್ಮದಲ್ಲೇ ತಿಕ್ಕುತ್ತೀರಿ.

10 ಮಿಮೀ ನಾಲ್ಕು ಫ್ಲೂಟ್ ಕಾರ್ಬೈಡ್ ಎಂಡ್‌ಮಿಲ್‌ಗೆ ನಿಮಿಷಕ್ಕೆ 80 ಮೀಟರ್ ವೇಗದಿಂದ ಶುರುಮಾಡಿ. ಆರ್‌ಪಿಎಂ ಸುಮಾರು 2,550. ಪ್ರತಿ ಹಲ್ಲಿಗೆ 0.05 ಮಿಮೀ ಅಂದರೆ ಫೀಡ್ ನಿಮಿಷಕ್ಕೆ 510 ಮಿಮೀ. ಸದ್ದು ಕೇಳಿ, ಚಿಪ್ ನೋಡಿ, ಆಮೇಲೆ ಏರಿಸಿ. ಕ್ಲೈಂಬ್ ಮಿಲ್ಲಿಂಗ್ ಮಾಡಿ, ಕೂಲಂಟ್ ಧಾರಾಳವಾಗಿ ಬಿಡಿ. ಎಲ್ಲೂ ಟೂಲ್ ನಿಂತು ತಿರುಗಬಾರದು. ಇದೇ ಜಾಬ್ ಟೈಟಾನಿಯಂನಲ್ಲಿದ್ದರೆ ವೇಗ 40ರಿಂದ 60 ಮೀಟರ್‌ಗೆ ಇಳಿಸಿ. 10% ಸಿಲಿಕಾನ್ ಇರುವ ಅಲ್ಯೂಮಿನಿಯಂ ಆದರೆ 300 ಮೀಟರ್ ದಾಟಬಹುದು, ಆದರೆ ಸಿಲಿಕಾನ್ ಟೂಲ್ ಸವೆಸುತ್ತದೆ.

ತೆಳು ಕೊಳವೆಗಳು ಕಟಿಂಗ್‌ನಲ್ಲಿ ನಡುಗುತ್ತವೆ. ಮೇಲ್ಮೈಯಲ್ಲಿ ಅಲೆಅಲೆಯಾಗಿ ಗುರುತು ಬಿತ್ತು ಅಂದರೆ ಅದೇ ಕಾರಣ. ಪೋರ್ಟ್‌ಗಳ ನಡುವೆ 3 ಮಿಮೀ ದಪ್ಪದ ತಾತ್ಕಾಲಿಕ ಪಟ್ಟಿಗಳನ್ನು ಡಿಸೈನ್‌ನಲ್ಲೇ ಸೇರಿಸಿದ್ದರೆ ನಡುಕ ನಿಲ್ಲುತ್ತದೆ. ಮುಗಿದ ಮೇಲೆ ಕತ್ತರಿಸಿ ಬಿಸಾಕಿ.

ಕಾರ್ಟ್ರಿಡ್ಜ್ ಕ್ಯಾವಿಟಿ ಬಹಳ ಸೂಕ್ಷ್ಮದ ಕೆಲಸ. ಇದಕ್ಕೆ ಮೆಟ್ಟಿಲು ಮೆಟ್ಟಿಲಾಗಿರುವ ಫಾರ್ಮ್ ಟೂಲ್ ಸಿಗುತ್ತದೆ. ಅದನ್ನು ನೇರವಾಗಿ ಪ್ರಿಂಟ್ ಆದ ರಂಧ್ರಕ್ಕೆ ಇಳಿಸಬೇಡಿ. ರಂಧ್ರ 0.1 ಮಿಮೀ ಪಕ್ಕಕ್ಕಿದ್ದರೂ ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಡಿಮೆ ಕತ್ತರಿಸುತ್ತಾ ಟೂಲ್ ಬಾಗುತ್ತದೆ. ಮೊದಲು ಸಣ್ಣ ಎಂಡ್‌ಮಿಲ್‌ನಿಂದ ಸುರುಳಿಯಾಗಿ ಇಳಿದು ರಂಧ್ರವನ್ನು ಸರಿಯಾದ ಕೇಂದ್ರಕ್ಕೆ ತನ್ನಿ. ಪ್ರತಿ ಕಡೆ 0.2 ಮಿಮೀ ಉಳಿಸಿ. ಆಮೇಲೆ ಫಾರ್ಮ್ ಟೂಲ್. ವಾಲ್ವ್ ಕೂರುವ 16 ಮಿಮೀ ಬೋರ್‌ಗೆ ಎಚ್7 ಟಾಲರೆನ್ಸ್ ಕೇಳಿದ್ದರೆ ನಿಮಗಿರುವ ಅವಕಾಶ ಬರೀ 18 ಮೈಕ್ರಾನ್. ಆ ಬೋರನ್ನು ಎಲ್ಲಾ ಕೆಲಸ ಮುಗಿದ ಮೇಲೆ ಕೊನೆಯಲ್ಲಿ, ಕ್ಲ್ಯಾಂಪ್ ಸ್ವಲ್ಪ ಸಡಿಲಿಸಿ, ಫಿನಿಶ್ ಮಾಡಿ.

ಥ್ರೆಡ್‌ಗೆ ಟ್ಯಾಪ್ ಬದಲು ಥ್ರೆಡ್ ಮಿಲ್ ಬಳಸಿ. ಟ್ಯಾಪ್ ಒಳಗೇ ಮುರಿದರೆ ಎರಡು ದಿನ ಪ್ರಿಂಟ್ ಆದ ಪ್ಲೇಟ್‌ನ ಆರನೇ ಒಂದು ಭಾಗ ಕಸದ ಬುಟ್ಟಿಗೆ. ಥ್ರೆಡ್ ಮಿಲ್ ಮುರಿದರೆ ಹೊರತೆಗೆದು ಮುಂದುವರಿಯಬಹುದು. ಓ-ರಿಂಗ್ ಕೂರುವ ಮುಖಕ್ಕೆ ಆರ್‌ಎ 1.6 ಮೈಕ್ರಾನ್ ಅಥವಾ ಅದಕ್ಕಿಂತ ನುಣುಪು ಬೇಕು. ಹೊಸ ಇನ್ಸರ್ಟ್ ಹಾಕಿ ಒಂದೇ ಪಾಸ್‌ನಲ್ಲಿ ಮುಗಿಸಿ.

ಹಂತ 11: ಒಳಮೈ, ತೊಳೆಯುವುದು, ಪ್ರೆಶರ್ ಟೆಸ್ಟ್

ಒಳದಾರಿಗೆ ಟೂಲ್ ಹೋಗಲ್ಲ. ನುಣುಪು ಬೇಕೇಬೇಕು ಅಂದರೆ ಅಬ್ರೇಸಿವ್ ಫ್ಲೋ ಮಷಿನಿಂಗ್ ಇದೆ. ಅಬ್ರೇಸಿವ್ ಪುಡಿ ಬೆರೆಸಿದ ಮುದ್ದೆಯನ್ನು ಒತ್ತಡದಿಂದ ಒಳಗೆ ಹಿಂದಕ್ಕೂ ಮುಂದಕ್ಕೂ ಓಡಿಸುತ್ತಾರೆ. ಅಂಟಿಕೊಂಡ ಕಣಗಳೆಲ್ಲ ಕಿತ್ತು ಬರುತ್ತವೆ. ಹೈಡ್ರಾಲಿಕ್ ಕೆಲಸಕ್ಕೆ ನನ್ನ ಪ್ರಕಾರ ಈ ಖರ್ಚು ಮಾಡಲೇಬೇಕು. ಒಂದು ಕಣ ಬಿಟ್ಟುಕೊಂಡು ಹೋಗಿ ವಾಲ್ವ್ ಸ್ಪೂಲ್‌ನಲ್ಲಿ ಸಿಕ್ಕಿಹಾಕಿಕೊಂಡರೆ ಇಡೀ ಮಷಿನ್ ನಿಲ್ಲುತ್ತದೆ.

ಆಮೇಲೆ ಅಲ್ಟ್ರಾಸೋನಿಕ್ ತೊಟ್ಟಿಯಲ್ಲಿ ತೊಳೆದು, ಫಿಲ್ಟರ್ ಮಾಡಿದ ಎಣ್ಣೆಯಿಂದ ಫ್ಲಶ್ ಮಾಡಿ. ಹೊರಬಂದ ಎಣ್ಣೆಯನ್ನು ಬಿಳಿ ಫಿಲ್ಟರ್ ಕಾಗದದ ಮೇಲೆ ಸೋಸಿ ನೋಡಿ. ಕಪ್ಪು ಚುಕ್ಕೆ ಕಂಡರೆ ಮತ್ತೊಮ್ಮೆ ಫ್ಲಶ್. ಗ್ರಾಹಕರು ಐಎಸ್ಓ 4406 ಪ್ರಕಾರ ಎಣ್ಣೆಯ ಶುಚಿತ್ವದ ಮಟ್ಟ ಕೇಳಿದ್ದರೆ ಲ್ಯಾಬ್ ರಿಪೋರ್ಟ್ ಮಾಡಿಸಿ.

ಪ್ರೆಶರ್ ಟೆಸ್ಟ್ ಕೆಲಸದ ಒತ್ತಡದ ಒಂದೂವರೆ ಪಟ್ಟು, ಅಂದರೆ 315 ಬಾರ್. ಎಣ್ಣೆಯಿಂದ ಅಥವಾ ನೀರಿನಿಂದಲೇ ಮಾಡಿ. ಗಾಳಿ ತುಂಬಿ ಮಾಡುವುದು ಅಪಾಯ. ಗಾಳಿ ಹಿಗ್ಗುವಾಗ ಜಾಬನ್ನು ಬಾಂಬಿನಂತೆ ಸಿಡಿಸುತ್ತದೆ. ಟೆಸ್ಟ್ ಮಾಡುವ ಜಾಗಕ್ಕೆ ಗಟ್ಟಿಯಾದ ಮರೆ ಇರಲಿ. ಒತ್ತಡ ಏರಿಸಿ ಹಿಡಿದು ಗೇಜ್ ಮುಳ್ಳು ಇಳಿಯುತ್ತದಾ ನೋಡಿ. ಗೋಡೆಯ ಮೇಲೆ ಬೆವರಿದಂತೆ ತೇವ ಕಂಡರೆ ಒಳಗೆ ಸಣ್ಣ ತೂತುಗಳಿವೆ. ಅಂಥ ಜಾಬನ್ನು ವೆಲ್ಡ್ ಮಾಡಿ ಉಳಿಸುವ ಆಸೆ ಬೇಡ, ತೆಗೆದಿಡಿ.

ಹಂತ 12: ಕೊಟೇಶನ್ ಹಾಕುವುದು

ಪ್ರಿಂಟ್‌ನ ಬೆಲೆ ಒಂದನ್ನೇ ನೋಡಿ ಕೊಟೇಶನ್ ಕೊಟ್ಟರೆ ನಷ್ಟ ಖಂಡಿತ. ಹೀಟ್ ಟ್ರೀಟ್‌ಮೆಂಟ್, ವೈರ್‌ಕಟ್, ಸಪೋರ್ಟ್ ತೆಗೆಯುವ ಕೂಲಿ, ಫಿಕ್ಸ್ಚರ್, ಪ್ರೋಬಿಂಗ್ ಸಮಯ, ಮಷಿನಿಂಗ್, ಒಳಮೈ ಫಿನಿಶಿಂಗ್, ಟೆಸ್ಟಿಂಗ್ ಎಲ್ಲವನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ಮೊದಲ ಬ್ಯಾಚ್‌ನಲ್ಲಿ ಆರಕ್ಕೆ ಒಂದು ರಿಜೆಕ್ಟ್ ಆಗಬಹುದು ಅಂತಲೇ ಲೆಕ್ಕ ಹಾಕಿ. ಬೇರೆಯವರು ಪ್ರಿಂಟ್ ಮಾಡಿಸಿ ತಂದ ಜಾಬನ್ನು ಮಷಿನ್ ಮಾತ್ರ ಮಾಡಿಕೊಡುವುದಾದರೆ, ಸ್ಟಾಕ್ ಸಾಲದೆ ಜಾಬ್ ಕೆಟ್ಟರೆ ಯಾರ ಹೊಣೆ ಅನ್ನುವುದನ್ನು ಆರ್ಡರ್‌ನಲ್ಲೇ ಬರೆಸಿಕೊಳ್ಳಿ. ಡ್ರಾಯಿಂಗ್ ಹಂತದಲ್ಲೇ ನಿಮ್ಮನ್ನು ಕರೆಯಲು ಅವರಿಗೆ ಹೇಳಿ, ಅದಕ್ಕೆ ಬೇರೆ ಚಾರ್ಜ್ ಹಾಕಿದರೂ ತಪ್ಪಿಲ್ಲ.

ಕೈಯಾರೆ ನೋಡಿ ಕಲಿಯಬೇಕು ಅನ್ನುವವರಿಗೆ ಬೆಂಗಳೂರಿನ ತುಮಕೂರು ರಸ್ತೆಯಲ್ಲಿರುವ ಸಿಎಂಟಿಐ (ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ) ಒಳ್ಳೆಯ ಜಾಗ. ಮಷಿನ್ ಟೂಲ್ ಸಂಶೋಧನೆಯ ಜೊತೆ ಲೋಹದ ಪ್ರಿಂಟಿಂಗ್ ಕೆಲಸವೂ ಅಲ್ಲಿ ನಡೆಯುತ್ತದೆ. ಟೂಲಿಂಗ್, ಸಿಎನ್‌ಸಿ ತರಬೇತಿಗೆ ಜಿಟಿಟಿಸಿ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಕೇಂದ್ರಗಳು ರಾಜ್ಯದ ಹಲವು ಊರುಗಳಲ್ಲಿವೆ. ಅದೇ ತುಮಕೂರು ರಸ್ತೆಯ ಬಿಐಇಸಿ ಪ್ರದರ್ಶನ ಕೇಂದ್ರದಲ್ಲಿ ನಡೆಯುವ ಇಮ್‌ಟೆಕ್ಸ್ ಮಷಿನ್ ಟೂಲ್ ಮೇಳಕ್ಕೆ ಹೋದಾಗ ಪ್ರಿಂಟರ್ ಮಳಿಗೆಗಳಲ್ಲಿ ಇಟ್ಟಿರುವ ಹೊಳೆಯುವ ಸ್ಯಾಂಪಲ್‌ಗಳನ್ನು ಬಿಟ್ಟು, ಪ್ಲೇಟ್‌ನಿಂದ ಇನ್ನೂ ಕತ್ತರಿಸದ ಒಂದು ಜಾಬ್ ತೋರಿಸಿ ಅಂತ ಕೇಳಿ. ಸಪೋರ್ಟ್ ಎಲ್ಲಿ ಹಾಕಿದ್ದಾರೆ, ಸ್ಟಾಕ್ ಎಷ್ಟು ಬಿಟ್ಟಿದ್ದಾರೆ, ಕೆಳಮುಖದ ಮೈ ಎಷ್ಟು ಒರಟಾಗಿದೆ ಅಂತ ಬೆರಳಿಂದ ಮುಟ್ಟಿ ನೋಡಿ. ಆ ಜಾಬನ್ನು ನಿಮ್ಮ ವೈಸ್‌ನಲ್ಲಿ ಎಲ್ಲಿ ಹಿಡಿಯುತ್ತೀರಿ ಅಂತ ಅಲ್ಲೇ ನಿಂತು ಯೋಚಿಸಿ.